ಮನೆಯೊಳಗೊಂದು ಕೊಂಬೆ, ಕೊಂಬೆಗೊಂದು ಹೆಸರು

ವಿಜಯದಶಮಿಯ ಮರುದಿನ ಬೆಳಗ್ಗೆ ನಮ್ಮ ಪೇಟೆಗಳ ಬೀದಿಗಳನ್ನು ಒಮ್ಮೆ ನೋಡಬೇಕು. ಹಿಂದಿನ ದಿನ ಕೈಯಿಂದ ಕೈಗೆ ‘ಬಂಗಾರ’ವಾಗಿ ಸಂದ ಎಲೆಗಳು ಕಸಗುಡಿಸುವವರ ಪೊರಕೆಯ ಮುಂದೆ ರಾಶಿಯಾಗಿ ಬಿದ್ದಿರುತ್ತವೆ. ಎಲೆಗಳಷ್ಟೇ ಅಲ್ಲ, ಅವುಗಳೊಡನೆ ಮುರಿದು ತಂದ ಕೊಂಬೆಗಳೂ ಅಲ್ಲಿರುತ್ತವೆ. ಅವುಗಳಲ್ಲಿ ಕೆಲವು ಇನ್ನೂ ಹಸಿರಾಗಿದ್ದು, ನೀರು ಕೊಟ್ಟರೆ ನಾಲ್ಕಾರು ದಿನ ಬಾಳುವಂಥವು. ಪೂಜೆಗೆಂದು ತಂದುದನ್ನು ಒಂದೇ ರಾತ್ರಿಯಲ್ಲಿ ಕಸವಾಗಿಸುವ ನಾವು, ಅದೇ ಪೇಟೆಯಲ್ಲಿ ಹಣ ಕೊಟ್ಟು ಪ್ಲಾಸ್ಟಿಕ್ ಹೂಗೊಂಚಲನ್ನು ಕೊಂಡು ಮನೆಯ ಕಪಾಟಿನ ಮೇಲೆ ಇಡುತ್ತೇವೆ. ಈ ವೈಪರೀತ್ಯವೇ ಈ ಲೇಖನಕ್ಕೆ ಪ್ರೇರಣೆ.

ಹೂದಾನಿಯಲ್ಲಿ ಗಿಡದ ಕೊಂಬೆಗಳನ್ನು ಜೋಡಿಸಿ ಮನೆಯನ್ನು ಅಲಂಕರಿಸುವುದು ದೊಡ್ಡ ಪಟ್ಟಣದವರ ಹವ್ಯಾಸ, ಹೊರದೇಶದ ಪದ್ಧತಿ ಎಂದು ಅನೇಕರು ಭಾವಿಸಿದ್ದಾರೆ. ಆದರೆ ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮನೆಗಳಿಗೆ ಇದು ಹೊಸತೇನಲ್ಲ. ಯುಗಾದಿಯಂದು ಗುಡಿ ಏರಿಸುವ ಕೋಲಿಗೆ ಬೇವಿನ ಟೊಂಗೆ ಕಟ್ಟುತ್ತೇವೆ. ಹಬ್ಬ ಹಬ್ಬಕ್ಕೂ ಬಾಗಿಲಿಗೆ ಮಾವಿನ ತೋರಣ ಬೇಕು. ದೀಪಾವಳಿಯ ಲಕ್ಷ್ಮೀಪೂಜೆಗೆ ಕಬ್ಬಿನ ಜಲ್ಲೆಗಳು ನಿಲ್ಲುತ್ತವೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಜೋಳದ ಕಣಿಕೆಯ ಸಿವುಡುಗಳನ್ನು ಒರಗಿಸಿ ಪುಟ್ಟ ಗುಡಿಸಲು ಮಾಡಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಅಂಬಲಿಯ ಗಡಿಗೆ ಇಟ್ಟು ಉಣ್ಣುತ್ತೇವೆ. ಮರಾಠಿ ನೆರೆಯವರು ‘ಯೇಳವಸ’ ಎಂದು ಕರೆಯುವ ಈ ಹಬ್ಬದ ಹೆಸರಿನಲ್ಲಿ ನಮ್ಮ ಎಳ್ಳಮಾವಾಸ್ಯೆಯ ಸದ್ದು ಇಂದಿಗೂ ಕೇಳುತ್ತದೆ. ಇನ್ನು ಕಲಶ. ನೀರು ತುಂಬಿದ ತಂಬಿಗೆ, ಅದರ ಬಾಯಲ್ಲಿ ಐದು ಎಲೆ. ಹೂದಾನಿಗೆ ಇದಕ್ಕಿಂತ ಹಳೆಯ ಮಾದರಿ ನಮಗೆ ಬೇಕೆ?

ಈ ಮಾದರಿ ಎಷ್ಟು ಹಳೆಯದೆಂಬುದನ್ನು ನಮ್ಮ ಮರಾಠವಾಡದ ಕಲ್ಲುಗಳೇ ಹೇಳುತ್ತವೆ. ಎಲ್ಲೋರದ ಗುಹೆಗಳ ಅನೇಕ ಕಂಬಗಳ ತಲೆಯಲ್ಲಿ ತುಂಬಿದ ಕೊಡದ ಬಾಯಿಂದ ಎಲೆಬಳ್ಳಿಗಳು ಹೊರಸೂಸಿ ನಾಲ್ಕೂ ಮೂಲೆಗೆ ಇಳಿಬಿದ್ದಿರುವ ಕೆತ್ತನೆಯಿದೆ. ಶಿಲ್ಪವನ್ನು ಬಲ್ಲವರು ಇದನ್ನು ‘ಘಟಪಲ್ಲವ’ ಎನ್ನುತ್ತಾರೆ. ಘಟವೆಂದರೆ ಕೊಡ, ಪಲ್ಲವವೆಂದರೆ ಚಿಗುರು. ರಾಷ್ಟ್ರಕೂಟ ಅರಸ ಒಂದನೆಯ ಕೃಷ್ಣನು 8ನೆಯ ಶತಮಾನದಲ್ಲಿ ಕೈಲಾಸ ದೇವಾಲಯವನ್ನು ಬಂಡೆಯಲ್ಲಿ ಕೊರೆಸಿದುದು ಅದೇ ಬೆಟ್ಟದಲ್ಲಿ. ಶಾಲೆಯ ಪ್ರವಾಸದಲ್ಲಿ ಎಲ್ಲೋರಕ್ಕೆ ಹೋಗುವ ಮಕ್ಕಳು ಆನೆ, ಸಿಂಹಗಳನ್ನು ನೋಡಿ ಬರುತ್ತಾರೆ. ಇನ್ನು ಮುಂದೆ ತಲೆಯೆತ್ತಿ ಕಂಬದ ಕೊಡವನ್ನೂ ನೋಡಲಿ. ಕಲ್ಲುಕುಟಿಗನು ಅಲ್ಲಿ ಬಾಡದ ಹೂದಾನಿಯೊಂದನ್ನು ನಿಲ್ಲಿಸಿ ಹೋಗಿದ್ದಾನೆ.

ಹೊರಗಿನವರಿಂದ ಕಲಿಯಬೇಕಾದದ್ದು ಒಂದಿದೆ. ಅದು ಮಿತ. ಜಪಾನಿನ ‘ಇಕೆಬಾನಾ’ ಎಂಬ ಕಲೆ ಬುದ್ಧನಿಗೆ ಹೂ ಅರ್ಪಿಸುವ ಪದ್ಧತಿಯಿಂದ ಬೆಳೆದುಬಂದುದು. ಅದರ ಅತ್ಯಂತ ಹಳೆಯ ಪರಂಪರೆಯಾದ ಇಕೆನೊಬೊ ಕ್ಯೋಟೋ ನಗರದ ರೊಕ್ಕಾಕುದೋ ಎಂಬ ಬೌದ್ಧ ಮಂದಿರಕ್ಕೆ ಸೇರಿದ್ದು. 1927ರಲ್ಲಿ ಸೋಫು ತೆಶಿಗಹರಾ ಎಂಬವರು ಸೊಗೆತ್ಸು ಎಂಬ ಹೊಸ ಶಾಲೆಯನ್ನು ತೆರೆದು, ಈ ಕಲೆಯನ್ನು ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಯಾವ ವಸ್ತುವಿನಿಂದ ಬೇಕಾದರೂ ಮಾಡಬಹುದೆಂಬ ನಿಲುವು ತಾಳಿದರು. ಈ ಕಲೆಯಲ್ಲಿ ಸಾಮಾನ್ಯವಾಗಿ ಮೂರು ಮುಖ್ಯ ಕೊಂಬೆಗಳಿರುತ್ತವೆ. ಒಂದು ಎತ್ತರ, ಒಂದು ನಡುವಿನದು, ಒಂದು ಗಿಡ್ಡ. ಉಳಿದದ್ದೆಲ್ಲ ಬಯಲು. ಆ ಬಯಲೂ ಅಲಂಕಾರದ ಭಾಗವೇ. ರಾಶಿ ತುಂಬಿದರೆ ಚೆಂದ ಎಂಬ ನಮ್ಮ ಹಬ್ಬದ ಉತ್ಸಾಹಕ್ಕೆ ಇದು ಒಳ್ಳೆಯ ಪಾಠ. ಮೂರು ಕೊಂಬೆ ಸಾಕೆನ್ನುವ ಮನೆ ಮೂವತ್ತು ಕೊಂಬೆ ಮುರಿಯುವುದಿಲ್ಲ.

ಎರಡು ಹೆಸರಿನ ಗಿಡಗಳು

ಪಾಲಕರೊಡನೆ ಹಂಚಿಕೊಳ್ಳಬೇಕಾದ ಮುಖ್ಯ ಮಾತಿಗೆ ಈಗ ಬರೋಣ. ನಿಲಂಗಾ ಮತ್ತು ಉದಗೀರ 1956ರವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಆ ವರ್ಷದ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿತು, ಈ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಗಡಿಗೆರೆ ಕಾಗದದ ಮೇಲೆ ಸರಿಯಿತು, ಗಿಡಗಳು ನಿಂತಲ್ಲೇ ನಿಂತವು. ಆದರೆ ಅವುಗಳ ಕನ್ನಡ ಹೆಸರುಗಳು ಮೆಲ್ಲನೆ ಮನೆ ಬಿಟ್ಟು ಹೋಗುತ್ತಿವೆ.

ನಮ್ಮ ಮಕ್ಕಳು ಪುಣೆಯ ಬಾಲಭಾರತಿ ಅಚ್ಚುಹಾಕುವ ಕನ್ನಡ ಪಠ್ಯಪುಸ್ತಕಗಳಲ್ಲಿ ಓದುತ್ತಾರೆ. ಪುಸ್ತಕದಲ್ಲಿ ‘ಹೊಂಗೆ’ ಎಂದು ಓದಿದ ಮಗು ಶಾಲೆಯ ದಾರಿಯಲ್ಲಿ ನಿತ್ಯ ಕಾಣುವ ಮರವನ್ನು ‘ಕರಂಜ’ ಎಂದು ಮಾತ್ರ ಬಲ್ಲದು. ಎರಡೂ ಒಂದೇ ಎಂದು ಹೇಳುವವರಿಲ್ಲ. ಹಾಗೆಯೇ ಮುತ್ತುಗವು ಪಳಸ, ಕಕ್ಕೆಯು ಬಹಾವಾ, ಅತ್ತಿಯು ಉಂಬರ, ಅರಳಿಯು ಪಿಂಪಳ, ಲಕ್ಕಿಯು ನಿರಗುಡಿ, ಬೂರುಗವು ಸಾವರ, ನುಗ್ಗೆಯು ಶೇವಗಾ. ಮರಾಠಿ ಹೆಸರು ತಿಳಿದಿರುವುದು ಮಗುವಿಗೆ ಲಾಭವೇ ಸರಿ, ನೆರೆಯವರ ನುಡಿ ನಮಗೆ ಪರಕೀಯವಲ್ಲ. ಆದರೆ ಒಂದು ಹೆಸರು ಬಂದಾಗ ಇನ್ನೊಂದು ಹೋಗಬೇಕಾಗಿಲ್ಲ.

ಆದುದರಿಂದ ಒಂದು ಸಲಹೆ. ಮನೆಯಲ್ಲಿ ವಾರಕ್ಕೊಂದು ಕೊಂಬೆ ಇಡಿ. ಅದರ ಪಕ್ಕದಲ್ಲಿ ಅಂಗೈಯಗಲದ ಕಾಗದದ ಚೀಟಿ ಇರಲಿ. ಅದರ ಮೇಲೆ ಮಗು ತನ್ನ ಕೈಯಾರೆ ಗಿಡದ ಕನ್ನಡ ಹೆಸರನ್ನೂ ಮರಾಠಿ ಹೆಸರನ್ನೂ, ಕೊಂಬೆ ತಂದ ದಿನವನ್ನೂ ಬರೆಯಲಿ. ಹೆಸರು ತಿಳಿಯದಿದ್ದರೆ ಅಜ್ಜಿಯನ್ನು ಕೇಳಲಿ. ಅಜ್ಜಿ ಹೇಳುವ ಹೆಸರು ಪುಸ್ತಕದ ಹೆಸರಿಗಿಂತ ಬೇರೆಯಾಗಿದ್ದರೆ ಅದನ್ನೂ ಬರೆಯಲಿ. ಒಂದು ವರ್ಷ ತುಂಬುವಾಗ ಐವತ್ತು ಚೀಟಿಗಳಾಗುತ್ತವೆ. ದಾರ ಪೋಣಿಸಿದರೆ ಅದೇ ಒಂದು ಪುಟ್ಟ ನಿಘಂಟು.

ದಸರೆಯ ಎಲೆಯೇ ಈ ಅಭ್ಯಾಸಕ್ಕೆ ಮೊದಲ ಪಾಠವಾಗಬಹುದು. ಮಹಾಭಾರತದ ವಿರಾಟಪರ್ವದಲ್ಲಿ ಪಾಂಡವರು ಆಯುಧಗಳನ್ನು ಬಚ್ಚಿಟ್ಟದ್ದು ಶಮೀವೃಕ್ಷದಲ್ಲಿ. ಅದೇ ನಮ್ಮ ಬನ್ನಿ. ಅದರ ಎಲೆ ಸಣ್ಣದು, ಕೊಂಬೆಯಲ್ಲಿ ಮುಳ್ಳು. ಮಹಾರಾಷ್ಟ್ರದಲ್ಲಿ ಬಂಗಾರವೆಂದು ಹಂಚುವುದು ಆಪಟಾ ಎಂಬ ಬೇರೆ ಗಿಡದ ಎಲೆ. ಅದು ಗೊರಸಿನ ಹಾಗೆ ನಡುವೆ ಸೀಳಿದ್ದು. ಪೇಟೆಯಲ್ಲಿ ಆಪಟಾ ಸಾಲದಾದಾಗ ಅದರ ಬಳಗಕ್ಕೇ ಸೇರಿದ, ಇನ್ನೂ ದೊಡ್ಡ ಎಲೆಯ ಕಾಂಚನವನ್ನು ಮಾರುವುದೂ ಉಂಟು. ಅದನ್ನು ಕನ್ನಡದಲ್ಲಿ ಬಸವನಪಾದವೆನ್ನುತ್ತಾರೆ. ಮೂರು ಗಿಡ, ಮೂರು ಹೆಸರು. ಈ ಮೂರನ್ನೂ ಬೇರ್ಪಡಿಸಿ ಗುರುತಿಸಬಲ್ಲ ಮಗು ಸುಮ್ಮನೆ ಕೊಂಬೆ ಮುರಿಯಲಾರದು. ಹೆಸರು ಗೊತ್ತಿರುವುದರ ಮೇಲೆ ಕೈಯೆತ್ತುವುದು ಕಷ್ಟ.

ಋತುವಿಗೆ ತಕ್ಕ ಕೊಂಬೆ

ಯುಗಾದಿಯ ಸುಮಾರಿಗೆ ಬೇವು ಕೆಂದಳಿರು ತಳೆಯುತ್ತದೆ, ಹೊಂಗೆ ಹಳೆಯ ಎಲೆ ಉದುರಿಸಿ ಹೊಳೆಯುವ ಎಳೆಹಸಿರು ಹೊದೆಯುತ್ತದೆ. ಅದಕ್ಕೂ ಮುಂಚೆ, ಹೋಳಿ ಹುಣ್ಣಿಮೆಯ ಹೊತ್ತಿಗೆ, ಎಲೆಯಿಲ್ಲದ ಮುತ್ತುಗ ಕೆಂಡದ ಬಣ್ಣದ ಹೂ ಬಿಡುತ್ತದೆ. ಒಂದೇ ಒಂದು ಟೊಂಗೆ ಇಡೀ ಕೋಣೆಯನ್ನು ಬೆಳಗಬಲ್ಲದು. ಬೇಸಗೆಯ ನಡುವೆ ಕಕ್ಕೆಯ ಹಳದಿ ಗೊಂಚಲು ಇಳಿಬೀಳುತ್ತದೆ. ಮಳೆಗಾಲದಲ್ಲಿ ಲಕ್ಕಿಯ ನಸುನೀಲಿ ಹೂ, ಬೇಲಿಯ ಬಳ್ಳಿಗಳು ಸಿಗುತ್ತವೆ.

ಚಳಿಗಾಲದ ಅಲಂಕಾರಕ್ಕಂತೂ ನಾವು ಯಾವ ಮರವನ್ನೂ ಮುಟ್ಟಬೇಕಾಗಿಲ್ಲ. ಲಾತೂರ ಸೀಮೆ ತೊಗರಿಯ ನಾಡು. ಕಾಯಿ ಬಡಿದಮೇಲೆ ಉಳಿಯುವ ತೊಗರಿಕಟ್ಟಿಗೆ ಒಲೆಗೆ ಹೋಗುತ್ತದೆ. ಅದರಲ್ಲಿ ಸಪೂರವಾಗಿ ಕವಲೊಡೆದ ನಾಲ್ಕು ಕಡ್ಡಿಗಳನ್ನು ಆರಿಸಿ ಗಡಿಗೆಯಲ್ಲಿ ನಿಲ್ಲಿಸಿ, ನಡುವೆ ಎರಡು ಜೋಳದ ತೆನೆ ಸೇರಿಸಿ ನೋಡಿ. ಬಾಯಿ ಬಿಟ್ಟ ಕಾಯಿಗಳಲ್ಲಿ ಅರಳೆ ಉಳಿದ ಹತ್ತಿಕಟ್ಟಿಗೆಯೂ ಅಷ್ಟೇ ಸೊಗಸು. ನೀರು ಬೇಡ, ಖರ್ಚಿಲ್ಲ, ತಿಂಗಳುಗಟ್ಟಲೆ ಇರುತ್ತದೆ. ತನ್ನ ಹೊಲದ ಕಟ್ಟಿಗೆ ಮನೆಯ ನಡುಕೋಣೆಯಲ್ಲಿ ಗೌರವದಿಂದ ನಿಂತಿರುವುದನ್ನು ಕಂಡ ಮಗು, ಒಕ್ಕಲುತನ ನಾಚಿಕೆಯ ವಿಷಯವೆಂದು ಎಂದೂ ಭಾವಿಸದು.

ಜೋಡಿಸುವ ಬಗೆ

ಪಾತ್ರೆಗಾಗಿ ಪೇಟೆಗೆ ಹೋಗಬೇಡಿ. ಅಜ್ಜಿಯ ಕಾಲದ ಹಿತ್ತಾಳೆಯ ತಂಬಿಗೆ, ತಾಮ್ರದ ಚರಿಗೆ, ಬಾಯಿ ಸೀಳಿದ ಮಣ್ಣಿನ ಗಡಿಗೆ, ಉಪ್ಪಿನಕಾಯಿಯ ಭರಣಿ, ಎಲ್ಲವೂ ಆದೀತು. ಮನೆಯಲ್ಲಿ ಬೀದರಿನ ಬಿದರಿ ಕೆಲಸದ ಹೂದಾನಿ ಇದ್ದರೆ ಅದಕ್ಕೆ ನೀರು ತುಂಬದೆ ಒಣಕೊಂಬೆಯನ್ನಷ್ಟೇ ಇಡುವುದು ಮೇಲು. ಅದರ ಕಪ್ಪು ಮೈ, ಬೆಳ್ಳಿಯ ಕುಸುರಿ ಹಾಗೆಯೇ ಉಳಿಯುತ್ತದೆ.

ಕೊಂಬೆಯನ್ನು ಬೆಳಗಿನ ತಂಪಿನಲ್ಲಿ ಅಥವಾ ಸಂಜೆ, ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಬೇಕು. ಕೈಯಿಂದ ಮುರಿದರೆ ಮರದ ತೊಗಟೆ ಸೀಳಿ ಗಾಯ ದೊಡ್ಡದಾಗುತ್ತದೆ. ತಂದ ಕೂಡಲೇ ಒಂದೆರಡು ತಾಸು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ. ಕಟ್ಟಿಗೆಯಂತೆ ಗಟ್ಟಿಯಾದ ಕೊಂಬೆಯ ಬುಡವನ್ನು ಒಂದು ಬೆರಳಗಲ ಸೀಳಿದರೆ ಅದು ನೀರನ್ನು ಚೆನ್ನಾಗಿ ಹೀರುತ್ತದೆ. ನೀರೊಳಗೆ ಮುಳುಗುವ ಎಲೆಗಳನ್ನು ತೆಗೆದುಬಿಡಿ, ಇಲ್ಲವಾದರೆ ಅವು ಕೊಳೆತು ನಾರುತ್ತವೆ. ಪಾತ್ರೆ ಉರುಳದಂತೆ ತಳದಲ್ಲಿ ಹಿಡಿಯಷ್ಟು ಹರಳುಕಲ್ಲು ಹಾಕಿ. ಎತ್ತರದ ಕೊಂಬೆ ಪಾತ್ರೆಯ ಎತ್ತರಕ್ಕಿಂತ ಒಂದೂವರೆ ಪಟ್ಟು ಇದ್ದರೆ ನೋಟಕ್ಕೆ ಹಿತ. ಕಿಟಕಿಯ ನೇರ ಬಿಸಿಲು, ಫ್ಯಾನಿನ ಗಾಳಿ ತಾಗದ ಕಡೆ ಇಡಿ.

ಎರಡು ಎಚ್ಚರಿಕೆಗಳಿವೆ. ಹೂದಾನಿಯ ನಿಂತ ತಿಳಿನೀರಿನಲ್ಲಿಯೇ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆದುದರಿಂದ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆಯ ಒಳಮೈ ಉಜ್ಜಿ ತೊಳೆಯಲೇಬೇಕು. ಚೆಲ್ಲಿದ ನೀರು ತುಳಸಿಕಟ್ಟೆಯ ಪಕ್ಕದ ಗಿಡಕ್ಕೆ ಹೋಗಲಿ. ಇನ್ನು ಕಣಗಿಲೆ ಮತ್ತು ಎಕ್ಕೆ. ಕಣಗಿಲೆಯ ಎಲೆ, ಹೂ, ಕೊಂಬೆ ಎಲ್ಲವೂ ವಿಷ. ಎಕ್ಕೆಯ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇವೆರಡೂ ಬೇಡ.

ತೆಗೆದುಕೊಳ್ಳುವ ಹಕ್ಕು, ಕೊಡುವ ಋಣ

ಮಹಾರಾಷ್ಟ್ರದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಲಾತೂರವೂ ಒಂದು. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದುದನ್ನು ನಾವು ಯಾರೂ ಮರೆತಿಲ್ಲ. ಇಂಥ ನೆಲದಲ್ಲಿ ಅಲಂಕಾರದ ಮಾತಾಡುವಾಗ ಲೆಕ್ಕ ಬಿಡುವಂತಿಲ್ಲ. ಮರವಿಲ್ಲದ ಊರಿನಲ್ಲಿ ಮನೆಮನೆಯವರೂ ಕೊಂಬೆ ಮುರಿಯತೊಡಗಿದರೆ ಈ ಲೇಖನದಿಂದ ಒಳಿತಿಗಿಂತ ಕೆಡುಕೇ ಹೆಚ್ಚು.

ಆದುದರಿಂದ ಮೂರು ಕಟ್ಟಳೆಗಳನ್ನು ಮನೆಯಲ್ಲಿ ಪಾಲಿಸೋಣ. ಮೊದಲನೆಯದು, ಬಿದ್ದದ್ದನ್ನು ಅಥವಾ ಸವರಿದ್ದನ್ನು ಮೊದಲು ನೋಡುವುದು. ಗಾಳಿಮಳೆಗೆ ಮುರಿದ ಟೊಂಗೆ, ವಿದ್ಯುತ್ ತಂತಿಗಾಗಿ ಕಡಿದ ರೆಂಬೆ, ಬೇಲಿ ಸವರಿದಾಗ ಬಿದ್ದ ಕಡ್ಡಿ, ಇವು ವರ್ಷದ ಅರ್ಧಕ್ಕೆ ಸಾಕು. ಎರಡನೆಯದು, ಗಿಡದ ಒಡೆಯರನ್ನು ಕೇಳಿ ತೆಗೆದುಕೊಳ್ಳುವುದು. ಗುಡಿಯ, ಶಾಲೆಯ, ರಸ್ತೆಬದಿಯ ಮರಗಳಿಗೆ ಒಡೆಯರಿಲ್ಲವೆಂದಲ್ಲ, ಊರೇ ಒಡೆಯ. ಮೂರನೆಯದು, ಎಳೆಯ ಗಿಡವನ್ನು, ಒಂಟಿಯಾಗಿ ನಿಂತ ಬನ್ನಿಯನ್ನು, ಹಕ್ಕಿ ಗೂಡು ಕಟ್ಟಿದ ಕೊಂಬೆಯನ್ನು ಮುಟ್ಟದಿರುವುದು. ದಸರೆಗೆ ಹಿರಿಯರ ಕೈಯಲ್ಲಿ ಒಂದು ಎಲೆ ಇಟ್ಟು ನಮಸ್ಕರಿಸಿದರೆ ಬಂಗಾರ ಸಂದಂತೆಯೇ. ಕೊಂಬೆಯ ತೂಕದಿಂದ ಗೌರವ ಹೆಚ್ಚುವುದಿಲ್ಲ.

ತೆಗೆದುಕೊಂಡದ್ದನ್ನು ಮರಳಿಸುವ ದಾರಿಯೂ ಇದೆ. ಕೆಲವು ಗಿಡಗಳು ಕೊಂಬೆಯಿಂದಲೇ ಮತ್ತೆ ಹುಟ್ಟುತ್ತವೆ. ದಾಸವಾಳ, ಲಕ್ಕಿ, ಎಲ್ಲಕ್ಕಿಂತ ಸುಲಭವಾಗಿ ನುಗ್ಗೆ. ಕೈಯಷ್ಟು ದಪ್ಪದ, ಮೂರಡಿ ಉದ್ದದ ನುಗ್ಗೆಯ ಟೊಂಗೆಯನ್ನು ಮುಂಗಾರಿನ ಮೊದಲ ಮಳೆಗೆ ಒಂದಡಿ ಆಳದಲ್ಲಿ ಊರಿದರೆ ಅದು ಚಿಗುರುತ್ತದೆ. ಕಪ್ಪುನೆಲದಲ್ಲಿ ನೀರು ನಿಂತು ಬುಡ ಕೊಳೆಯದಂತೆ ಸುತ್ತಲೂ ಸ್ವಲ್ಪ ಮರಳು, ಕಲ್ಲುಪುಡಿ ಹಾಕಬೇಕು, ಅಷ್ಟೇ.

ಬರುವ ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಕ್ಕಳ ಚೀಲದಲ್ಲಿ ಹೊಸ ಪುಸ್ತಕವಿರುತ್ತದೆ. ಕೈಯಲ್ಲಿ ಒಂದು ಕೊಂಬೆಯೂ ಇರಲಿ. ಗುರುಗಳ ಅಪ್ಪಣೆ ಪಡೆದು ಶಾಲೆಯ ಅಂಗಳದ ಮೂಲೆಯಲ್ಲಿ ಅದನ್ನು ನೆಟ್ಟು, ಪಕ್ಕದಲ್ಲಿ ಹಲಗೆಯೊಂದನ್ನು ನಿಲ್ಲಿಸಿ ಮಕ್ಕಳೇ ಅದರ ಮೇಲೆ ಬರೆಯಲಿ: ನುಗ್ಗೆ, ಶೇವಗಾ. ಎರಡು ಹೆಸರಿನ ಒಂದು ಗಿಡ, ಎರಡು ನುಡಿಯ ನೆಲದಲ್ಲಿ ಬೇರು ಬಿಡಲಿ.