ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ

ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿಸುವ ಮುಂಚೆ ಏನೇನು ಪರೀಕ್ಷೆ ಮಾಡಿಸಬೇಕು? ನೆಲಮಂಗಲದ ಬಳಿಯ ಅರಿಶಿನಕುಂಟೆಯ ತಾಯಿಯೊಬ್ಬರು ಹೀಗೆ ಕೇಳಿದರೆ ಉತ್ತರ ಸರಳ: ಆರೋಗ್ಯವಾಗಿರುವ ಹುಡುಗಿಗೆ ಯಾವುದೂ ಬೇಡ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಪ್ಯಾಪ್ ಪರೀಕ್ಷೆಗಳಿಗೆಂದು ಹಣ ಸುರಿಯಬೇಕಿಲ್ಲ. ಲಸಿಕೆ ಹಾಕುವವರ ಕೆಲವು ಪ್ರಶ್ನೆಗಳಿಗೆ ನಿಜ ಹೇಳಿದರೆ ಸಾಕು.

ಜ್ವರ ಜೋರಾಗಿದೆಯೇ? ಇಳಿದ ಮೇಲೆ ಬನ್ನಿ. ಸಣ್ಣ ನೆಗಡಿ ಅಡ್ಡಿಯಲ್ಲ. ಹಿಂದೆ ಲಸಿಕೆಯಿಂದಲೋ ಯೀಸ್ಟ್‌ನಿಂದಲೋ ಮುಖ ಊದಿ ಉಸಿರು ಕಟ್ಟಿತ್ತೇ? ವೈದ್ಯರಿಗೆ ತಿಳಿಸಲೇಬೇಕು. ರಕ್ತ ಹೆಪ್ಪುಗಟ್ಟದ ತೊಂದರೆಯಿದ್ದರೆ ಅದನ್ನೂ ಹೇಳಿ. ಎಚ್‌ಐವಿಯಂತೆ ರೋಗನಿರೋಧಕ ಶಕ್ತಿ ಕುಂದಿಸುವ ಕಾಯಿಲೆಯಿದ್ದವರೂ ಲಸಿಕೆ ಪಡೆಯಬಹುದು, ಡೋಸ್ ಮಾತ್ರ ಹೆಚ್ಚು ಬೇಕಾದೀತು. ಗರ್ಭಿಣಿಯರು ಹೆರಿಗೆಯಾಗುವವರೆಗೆ ಕಾಯಬೇಕು. ಮುಟ್ಟಾಗಿದ್ದರೆ ಚಿಂತೆಯಿಲ್ಲ. ಹರೆಯದವರಿಗೆ ಚುಚ್ಚಿದಾಗ ತಲೆ ಸುತ್ತುವುದುಂಟು. ಊಟ ಮಾಡಿಸಿ ಕರೆತನ್ನಿ, ಆಮೇಲೆ ಕಾಲು ಗಂಟೆ ಕೂರಿಸಿ.

ಲಸಿಕೆಯಲ್ಲಿರುವುದು ಎಚ್‌ಪಿವಿ ವೈರಸ್‌ನ ಹೊರಕವಚದ ಪ್ರೋಟೀನ್ ಮಾತ್ರ. ಕಾಳಿಲ್ಲದ ಜೊಳ್ಳು ಮೊಳೆಯದ ಹಾಗೆ, ಒಳಗೆ ವಂಶವಾಹಿ ಇಲ್ಲದ ಈ ಕವಚವೂ ಸೋಂಕು ತರಲಾರದು. ಆದರೆ ಅದನ್ನು ಗುರುತಿಟ್ಟುಕೊಂಡ ದೇಹ, ನಿಜವಾದ ವೈರಸ್ ಬಂದಾಗ ತಡೆಯುತ್ತದೆ. ಒಳಹೊಕ್ಕ ಸೋಂಕನ್ನು ಲಸಿಕೆ ಓಡಿಸಲಾರದು. ಅದಕ್ಕೇ ಸೋಂಕು ತಗಲುವ ಮುಂಚಿನ 9ರಿಂದ 14ರ ವಯಸ್ಸು ಅತ್ಯಂತ ಸೂಕ್ತ.

ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ ಈ ವೈರಸ್‌ನ 16 ಮತ್ತು 18ನೇ ಬಗೆಗಳೇ ಕಾರಣ. 2022ರಲ್ಲಿ ಭಾರತದಲ್ಲಿ ಸುಮಾರು 80 ಸಾವಿರ ಮಹಿಳೆಯರು ಈ ಕ್ಯಾನ್ಸರ್‌ಗೆ ಬಲಿಯಾದರೆಂದು ಅಂದಾಜು. 2009ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ, ಲಸಿಕೆ ನೀಡುವುದು ಮರುವರ್ಷ ಅರ್ಧಕ್ಕೇ ನಿಂತು, ಹಲವು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ವರ್ಷಗಳ ನಂತರ ನೋಡಿದಾಗ ಅವರಲ್ಲೂ ರಕ್ಷಣೆ ಉಳಿದಿತ್ತು. ಹರೆಯದವರಿಗೆ ಒಂದು ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಲು ಇಂಥ ಪುರಾವೆಗಳೇ ಆಧಾರ.

ನಿಜಕ್ಕೂ ತಪಾಸಣೆ ಬೇಕಿರುವುದು ತಾಯಿಗೆ. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಕಂಡರೆ ಸುಲಭವಾಗಿ ತಡೆಯಬಹುದು. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಈ ತಪಾಸಣೆಯಲ್ಲಿ ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿದರೆ ಕೆಟ್ಟ ಭಾಗ ಒಂದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಲಸಿಕೆ ಪಡೆದ ಮಗಳಿಗೂ ಮುಂದೆ ತಪಾಸಣೆ ಬೇಕು, ಏಕೆಂದರೆ ಲಸಿಕೆ ಎಲ್ಲ ಬಗೆಯ ವೈರಸ್‌ಗಳನ್ನೂ ತಡೆಯದು.

ನಾಚಿಕೆಯಿಂದ ಮುಂದೂಡಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ, ಇಲ್ಲವೇ ನೆಲಮಂಗಲದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಮಗಳ ಲಸಿಕೆಗೆ ಹೊರಟ ದಿನವೇ ನಿಮ್ಮ ತಪಾಸಣೆಯ ದಿನವನ್ನೂ ಗೊತ್ತುಮಾಡಿಕೊಂಡು ಬನ್ನಿ.