ಕಲ್ಲಿನ ಧೂಳೂ ಸಂಧಿವಾತವೂ: ಜೈವಿಕ ಮಾಹಿತಿವಿಜ್ಞಾನದ ಒಂದು ಸಮಸ್ಯೆ

ಬಾಗಲಕೋಟೆ ಜಿಲ್ಲೆಯು ಕಲ್ಲಿನ ನಾಡು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಚಾಲುಕ್ಯರ ಶಿಲ್ಪಿಗಳು ಗುಹಾಲಯಗಳನ್ನು ಕೊರೆದರು. ಅವುಗಳಲ್ಲಿ ಮೂರನೆಯದರ ಶಾಸನವು ಕ್ರಿ.ಶ. 578ನೆಯ ವರ್ಷದ್ದು. ಹುನಗುಂದ, ಇಳಕಲ್ಲ ಸೀಮೆಯ ಕೆಂಪು ಗ್ರಾನೈಟು ದೂರದೂರದ ನಾಡುಗಳಲ್ಲಿಯೂ ಹೆಸರಾಗಿದೆ. ಈ ಎರಡು ಬಗೆಯ ಕಲ್ಲುಗಳಲ್ಲಿಯೂ ಕ್ವಾರ್ಟ್ಸ್, ಎಂದರೆ ಸ್ಫಟಿಕರೂಪದ ಸಿಲಿಕ, ಹೇರಳವಾಗಿರುತ್ತದೆ. ಕಲ್ಲನ್ನು ಕೊರೆಯುವಾಗ ಏಳುವ ಧೂಳಿನಿಂದ ಶ್ವಾಸಕೋಶಕ್ಕೆ ಸಿಲಿಕೋಸಿಸ್ ರೋಗವು ತಗಲುವುದು ವಾಚಕರಿಗೆ ತಿಳಿದ ಸಂಗತಿಯೇ ಸರಿ. 1948ರ ಕಾರ್ಖಾನೆಗಳ ಅಧಿನಿಯಮವು ಅದನ್ನು ಸರಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಸಾಲಿನಲ್ಲಿ ಸೇರಿಸಿತು. ಅದೇ ಧೂಳು ಕೀಲುಗಳನ್ನೂ ಚರ್ಮವನ್ನೂ ಕೆಡಿಸಬಲ್ಲುದೆಂಬುದು ಮಾತ್ರ ಅಷ್ಟು ಪ್ರಸಿದ್ಧವಾಗಿಲ್ಲ. ಡಾಕ್ಟರೇಟ್ ಪದವಿಯ ನಂತರವೂ ಗಣಕಯಂತ್ರದ ನೆರವಿನಿಂದ ಸಂಶೋಧನೆಯನ್ನು ಮುಂದುವರಿಸುವ ತರುಣರು ಈ ವಿಷಯದಲ್ಲಿ ಏನು ಮಾಡಬಲ್ಲರು, ಅವರಿಗೆ ನಮ್ಮಿಂದ ಏನು ಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಈ ಸಂಬಂಧವನ್ನು ಮೊದಲು ಕಂಡವರು ರೋಗಿಯ ಕಸುಬನ್ನು ವಿಚಾರಿಸಿದ ವೈದ್ಯರು. ಚರ್ಮವು ಗಡುಸಾಗುವ ಸ್ಕ್ಲೀರೋಡರ್ಮ ರೋಗವು ಕಲ್ಲುಕುಟಿಗರಲ್ಲಿ ಕಾಣಿಸಿಕೊಳ್ಳುವುದನ್ನು ಎಡಿನ್‌ಬರೋದ ಬ್ರಾಮ್‌ವೆಲ್ 1914ರಲ್ಲಿ ಬರೆದಿಟ್ಟರು. ಸಂಧಿವಾತವುಳ್ಳ ವೇಲ್ಸಿನ ಕಲ್ಲಿದ್ದಲು ಗಣಿಯ ಕಾರ್ಮಿಕರ ಶ್ವಾಸಕೋಶದಲ್ಲಿ ವಿಶಿಷ್ಟವಾದ ಗಂಟುಗಳಿರುವುದನ್ನು ಕ್ಯಾಪ್ಲನ್ 1953ರಲ್ಲಿ ತೋರಿಸಿದರು. ಸಿಲಿಕದ ಧೂಳಿನಲ್ಲಿ ದುಡಿದು ಧೂಮಪಾನವನ್ನೂ ಮಾಡುವ ಪುರುಷರಲ್ಲಿ ಒಂದು ಬಗೆಯ ಸಂಧಿವಾತದ ಸಂಭವವು ಬಹಳ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದರು.

ಇವು ಸ್ವಯಂ ನಿರೋಧಕ ರೋಗಗಳು. ದೇಹದ ರಕ್ಷಣಾವ್ಯವಸ್ಥೆಯು ತನ್ನದು, ಪರರದು ಎಂಬ ಭೇದವನ್ನು ಅರಿತು ನಡೆಯುತ್ತದೆ. ಆ ಅರಿವು ತಪ್ಪಿದಾಗ ಅದು ಸ್ವಂತ ಅಂಗಾಂಶದ ಮೇಲೆಯೇ ಬೀಳುತ್ತದೆ. ಶ್ವಾಸಕೋಶದೊಳಗಿನ ಭಕ್ಷಕ ಕೋಶಗಳು ಸಿಲಿಕದ ಕಣವನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ. ಅಲ್ಲಿ ಉರಿಯೂತವು ನೆಲೆಸುತ್ತದೆ. ಇಂಥ ಸ್ಥಿತಿಯಲ್ಲಿ ದೇಹದ ಪ್ರೋಟೀನುಗಳಲ್ಲಿರುವ ಆರ್ಜಿನೈನ್ ಎಂಬ ಅಮೈನೋ ಆಮ್ಲವು ಸಿಟ್ರುಲಿನ್ ಆಗಿ ಮಾರ್ಪಡುವುದುಂಟು. ಹೀಗೆ ರೂಪ ಬದಲಿಸಿದ ತುಣುಕನ್ನು ಎಚ್.ಎಲ್.ಎ. ಎಂಬ ಪ್ರೋಟೀನು ತನ್ನ ತೋಡಿನಲ್ಲಿ ಹಿಡಿದು ರಕ್ಷಕ ಕೋಶಗಳಿಗೆ ತೋರಿಸಿದರೆ, ಅವು ಅದನ್ನು ಪರಕೀಯವೆಂದು ಬಗೆಯಬಹುದು. ಕೆಲವರ ಎಚ್.ಎಲ್.ಎ. ಇಂಥ ತುಣುಕನ್ನು ಚೆನ್ನಾಗಿ ಹಿಡಿಯುತ್ತದೆ, ಕೆಲವರದು ಹಿಡಿಯದು. ಒಂದೇ ಗಣಿಯಲ್ಲಿ ದುಡಿದವರಲ್ಲಿ ಒಬ್ಬನಿಗೆ ರೋಗ ಬಂದು ಇನ್ನೊಬ್ಬನಿಗೆ ಬಾರದಿರಲು ಇದೂ ಒಂದು ಕಾರಣ.

ಇಲ್ಲಿಯೇ ಜೈವಿಕ ಮಾಹಿತಿವಿಜ್ಞಾನದ ಕೆಲಸ ಆರಂಭವಾಗುತ್ತದೆ. ತೋಡಿನಲ್ಲಿ ಕೂಡ್ರುವ ತುಣುಕಿನ ಮುಖ್ಯ ಭಾಗದಲ್ಲಿ ಒಂಬತ್ತು ಅಮೈನೋ ಆಮ್ಲಗಳಿರುತ್ತವೆ. ಇಪ್ಪತ್ತು ಬಗೆಯ ಆಮ್ಲಗಳಿಂದ ಒಂಬತ್ತರ ಸಾಲನ್ನು 51,200 ಕೋಟಿ ರೀತಿಗಳಲ್ಲಿ ಕಟ್ಟಬಹುದು; ಎಚ್.ಎಲ್.ಎ. ಪ್ರಭೇದಗಳಾದರೋ ಸಾವಿರಾರು. ಎಲ್ಲವನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಅಸಾಧ್ಯ. ಆದುದರಿಂದ ಪರೀಕ್ಷಿತವಾದವುಗಳಿಂದ ನಿಯಮವನ್ನು ಗ್ರಹಿಸಿ, ಉಳಿದವುಗಳ ವಿಷಯದಲ್ಲಿ ಗಣಕವು ಊಹಿಸುತ್ತದೆ. ರಾಯ್‌ಚೌಧುರಿ ಮತ್ತು ಅವರ ಸಂಗಡಿಗರು 2012ರಲ್ಲಿ ಸಾವಿರಾರು ಜನರ ಅನುವಂಶಿಕ ಮಾಹಿತಿಯನ್ನು ಪರಿಶೀಲಿಸಿ, ಈ ಭಾಗದ ಜೀನುಗಳಿಂದ ಸಂಧಿವಾತಕ್ಕೆ ಒದಗುವ ಅಪಾಯದ ಬಹುಪಾಲು ಮೂರು ಪ್ರೋಟೀನುಗಳ ಕೇವಲ ಐದು ಸ್ಥಾನಗಳಿಗೆ ಸಂಬಂಧಿಸಿದೆಯೆಂದು ತೋರಿಸಿದುದು ಈ ಮಾರ್ಗದ ಶಕ್ತಿಗೆ ನಿದರ್ಶನ.

ಆದರೆ ಗಣಕದ ಊಹೆಯು ಅದಕ್ಕೆ ಕೊಟ್ಟ ಮಾಹಿತಿಯನ್ನು ಮೀರಲಾರದು. 2014ರಲ್ಲಿ ಪ್ರಕಟವಾದ ಒಂದು ಮಹಾ ಅಧ್ಯಯನವು 29,880 ರೋಗಿಗಳನ್ನೂ 73,758 ಇತರರನ್ನೂ ಹೋಲಿಸಿ ಸಂಧಿವಾತಕ್ಕೆ ಸಂಬಂಧಿಸಿದ 101 ಜೀನ್ ನೆಲೆಗಳನ್ನು ಗುರುತಿಸಿತು. ಅವರೆಲ್ಲ ಯುರೋಪು ಮತ್ತು ಪೂರ್ವ ಏಷ್ಯಾ ಮೂಲದವರು. ಅಲ್ಲಿ ಸಿದ್ಧವಾದ ಅಳತೆಯು ಹುನಗುಂದದವರಿಗೆ ಹಾಗೆಯೇ ಒಪ್ಪುವುದೆಂದು ಭಾವಿಸಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆಯಿಂದ ಸುಮಾರು 10,000 ಭಾರತೀಯರ ಜೀನೋಮ್ ಮಾಹಿತಿಯು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಇದರಿಂದ ಕೊರತೆಯ ಒಂದು ಪಾಲು ನೀಗಿತು. ಆದರೆ ಒಬ್ಬನು ಎಷ್ಟು ವರುಷ ಧೂಳು ಕುಡಿದನೆಂಬುದನ್ನು ಅವನ ಜೀನೋಮ್ ಹೇಳದು.

ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಸಂಶೋಧಕನ ಕೆಲಸವೂ ಅಂಥದೇ. ಒಬ್ಬೊಬ್ಬ ರೋಗಿಯ ಜೀನಿನ ವಿವರಕ್ಕೆ ಅವನದೇ ಕಸುಬಿನ ವಿವರವು ಕೂಡಬೇಕು. ಆಸ್ಪತ್ರೆಯ ಚೀಟಿಯಲ್ಲಿ ಉದ್ಯೋಗವೆಂಬಲ್ಲಿ ‘ಕೂಲಿ’ ಎಂದಷ್ಟೇ ಬರೆದರೆ ಆ ಎಳೆ ಅಲ್ಲಿಯೇ ಕಡಿಯಿತು. ಯಾವ ಗಣಕವೂ ಅದನ್ನು ಮರಳಿ ಕೂಡಿಸಲಾರದು. ಯಾವ ಕಲ್ಲು, ಯಾವ ಯಂತ್ರ, ನೀರು ಹಾಯಿಸಿ ಕೊರೆದದ್ದೋ ಒಣಗಲ್ಲನ್ನೇ ಕೊರೆದದ್ದೋ, ಎಷ್ಟು ವರುಷ, ಬೀಡಿಯ ಅಭ್ಯಾಸವುಂಟೋ ಎಂಬ ಐದು ಪ್ರಶ್ನೆಗಳಿಗೆ ಐದು ನಿಮಿಷ ಸಾಕು. ರೋಗಿಯ ಒಪ್ಪಿಗೆಯನ್ನು ಪಡೆಯುವುದೂ ಅವನ ಹೆಸರನ್ನು ಗುಪ್ತವಾಗಿಡುವುದೂ ಇದರ ಮೊದಲ ನಿಯಮವೆಂದು ಬೇರೆ ಹೇಳಬೇಕಾಗಿಲ್ಲ.

ನೀರು ಹಾಯಿಸಿ ಕಲ್ಲು ಕೊರೆದರೆ ಧೂಳು ಬಹಳಷ್ಟು ಅಡಗುತ್ತದೆ. ಅದಕ್ಕಾಗಿ ಯಾವ ಸಂಶೋಧನೆಯ ಫಲವನ್ನೂ ಕಾಯಬೇಕಾಗಿಲ್ಲ. ಕಲ್ಲುಕುಟಿಗನ ಬೆರಳುಗಳು ಮುಂಜಾನೆ ಬಹಳ ಹೊತ್ತು ಮಡಚಲಾರದೆ ಬಾತುಕೊಂಡಿದ್ದರೆ ಅದನ್ನು ದುಡಿಮೆಯ ದಣಿವೆಂದು ತಳ್ಳಿಬಿಡದೆ ವೈದ್ಯರಲ್ಲಿಗೆ ಕರೆದೊಯ್ಯುವುದು ಯುಕ್ತ. ತಡವಾದರೆ ಕೀಲು ಸವೆಯುತ್ತದೆ, ಸವೆದ ಕೀಲು ಮೊದಲಿನಂತಾಗದು. ನಮ್ಮ ಕಾಲೇಜುಗಳಲ್ಲಿ ಓದುವ ಎಷ್ಟೋ ವಿದ್ಯಾರ್ಥಿಗಳು ಈ ಊರುಗಳವರೇ. ಗಣಕದ ವಿದ್ಯೆಯನ್ನು ಕಲಿಯುವ ಮುನ್ನ ತಮ್ಮ ಮನೆಯ ಹಿರಿಯರ ಕಸುಬಿನ ವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದನ್ನು ಅವರು ಕಲಿತರೆ, ಈ ಸಂಶೋಧನೆಗೆ ಬೇಕಾದ ಮೊದಲ ಎಳೆಯು ಅವರ ಕೈಯಿಂದಲೇ ದೊರೆತಂತಾಗುವುದು.