ಗಡಿ ಕಾಯುವವನ ಮನೆಯನ್ನು ಕಾಯುವವರಾರು?

ಯೋಧನ ಬಲಕ್ಕೆ ಗೌರವ ಸಲ್ಲುವುದು ಆ ಬಲವು ನಿಯಮಕ್ಕೆ ಅಧೀನವಾಗಿರುವುದರಿಂದ. ಗಡಿಯಲ್ಲಿ ಆಜ್ಞೆಯಿಲ್ಲದೆ ಗುಂಡು ಹಾರಿಸದವನು ಮನೆಯಲ್ಲಿ ಪತ್ನಿಯ ಮೇಲೆ ಕೈಯೆತ್ತಿದರೆ ಅದು ಶಿಸ್ತಲ್ಲ; ಶಿಸ್ತಿನ ಪತನ.

2002ರ ಜೂನ್-ಜುಲೈ ತಿಂಗಳುಗಳಲ್ಲಿ ಅಮೆರಿಕದ ಫೋರ್ಟ್ ಬ್ರ್ಯಾಗ್ ಸೇನಾನೆಲೆಯ ನಾಲ್ವರು ಯೋಧರ ಪತ್ನಿಯರು ಸುಮಾರು ಆರು ವಾರಗಳೊಳಗೆ ಗಂಡಂದಿರಿಂದಲೇ ಹತರಾದರು. ಅವರಲ್ಲಿ ಮೂವರ ಗಂಡಂದಿರು ಅಫ್ಘಾನಿಸ್ತಾನದಿಂದ ಮರಳಿದ್ದವರು. ಯುದ್ಧದ ಆಘಾತವೇ ಇದಕ್ಕೆ ಕಾರಣವೆಂದು ಹಲವರು ಭಾವಿಸಿದರು. ಆದರೆ ಸೇನೆ ಕಳುಹಿಸಿದ ಪರಿಶೀಲನಾ ತಂಡವು ಮೊದಲೇ ಬಿರುಕುಬಿಟ್ಟಿದ್ದ ದಾಂಪತ್ಯಗಳತ್ತಲೂ, ನೆರವು ಕೇಳಿದರೆ ಉದ್ಯೋಗಕ್ಕೆ ಕುತ್ತು ಬಂದೀತೆಂಬ ಭಯದತ್ತಲೂ ಬೆರಳು ತೋರಿತು.

ಈ ಭಯ ನಿರಾಧಾರವಲ್ಲ. ಸೈನಿಕನ ಕುಟುಂಬಕ್ಕೆ ವೇತನ, ವಸತಿ, ಚಿಕಿತ್ಸೆ, ಪಿಂಚಣಿ ಎಲ್ಲವೂ ಒಂದೇ ಉದ್ಯೋಗದಿಂದ ಲಭಿಸುತ್ತವೆ. ಮೇಲಿಂದ ಮೇಲೆ ವರ್ಗಾವಣೆಯಾಗುವುದರಿಂದ ತವರೂ ದೂರ, ನೆರೆಹೊರೆಯೂ ಹೊಸದು. ಆದ್ದರಿಂದ ಪತ್ನಿ ಬಾಯಿ ತೆರೆಯಲು ಅಂಜುತ್ತಾಳೆ. ಇದನ್ನರಿತ ಅಮೆರಿಕದ ಸೇನೆಯು 2006ರಲ್ಲಿ, ಗಂಡನ ಮೇಲಧಿಕಾರಿಗೆ ತಿಳಿಯದಂತೆಯೇ ಆಕೆ ವೈದ್ಯರ ಹಾಗೂ ಆಪ್ತಸಲಹೆಗಾರರ ನೆರವು ಪಡೆಯುವ ಗುಪ್ತ ನಿವೇದನೆಯ ವ್ಯವಸ್ಥೆಯನ್ನು ತಂದಿತು. ಪ್ರಾಣಾಪಾಯ ಸನ್ನಿಹಿತವಾದಂತಹ ಸಂದರ್ಭಗಳಲ್ಲಿ ಈ ಗೋಪ್ಯತೆಗೆ ವಿನಾಯಿತಿಯುಂಟು.

ಕೊಡಗು, ಬೆಳಗಾವಿಗಳಂತಹ ಸೈನಿಕರ ಜಿಲ್ಲೆಗಳುಳ್ಳ ನಮ್ಮ ನಾಡಿಗೂ ಈ ಪಾಠ ಸಲ್ಲುತ್ತದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯ ಮೊದಲ ಗುರಿ ಗಂಡನನ್ನು ಸೆರೆಮನೆಗೆ ತಳ್ಳುವುದಲ್ಲ. ಹಿಂಸೆಯನ್ನು ತಡೆಯುವ ಆದೇಶ, ವಾಸದ ಹಕ್ಕು, ಜೀವನಾಂಶ ಇವನ್ನು ಅದು ಒದಗಿಸುತ್ತದೆ. ರಕ್ಷಣಾದೇಶವನ್ನು ಮೀರಿದಾಗಲೇ ಶಿಕ್ಷೆ. ಪತ್ನಿ-ಮಕ್ಕಳ ಪೋಷಣೆಗಾಗಿ ಸೈನಿಕನ ವೇತನದಿಂದಲೇ ಹಣ ಕಡಿತಗೊಳಿಸಲು 1950ರ ಸೇನಾ ಕಾಯಿದೆಯಲ್ಲಿ ಅವಕಾಶವಿದೆ. 181 ಮಹಿಳಾ ಸಹಾಯವಾಣಿಗೆ ಯಾವ ಹೊತ್ತಿನಲ್ಲೂ ಕರೆಮಾಡಬಹುದು.

ಕಾನೂನಿದ್ದೂ ಮೌನ ಮುರಿಯದಿರಲು ನಾವೂ ಕಾರಣರು. "ವಿವಾಹ ಬಂಧನ ಪವಿತ್ರವಾದುದು, ಹೊಂದಿಕೊಂಡು ಹೋಗು ಮಗಳೇ" ಎನ್ನುತ್ತೇವೆ. ಆದರೆ ಸಂಗಾತಿಯಿಂದ ದೇಹಕ್ಕಾಗಲೀ ಮನಸ್ಸಿಗಾಗಲೀ ಗಂಭೀರ ಅಪಾಯವಿದ್ದರೆ ಬೇರೆಯಾಗಿ ವಾಸಿಸಲು ಧರ್ಮಸಭೆಯ ಕಾನೂನು ಸಂಹಿತೆಯ 1153ನೆಯ ವಿಧಿಯೇ ಅನುಮತಿ ನೀಡುತ್ತದೆ. ಪಾವಿತ್ರ್ಯವು ಪೆಟ್ಟನ್ನು ಮುಚ್ಚಿಡುವ ಪರದೆಯಲ್ಲ.

ಪ್ರಿಯ ತಂದೆತಾಯಂದಿರೇ, ದೂರದ ದಂಡುಪ್ರದೇಶದಿಂದ ಮಗಳು ಕರೆಮಾಡಿದಾಗ ಅಳಿಯನ ಬಡ್ತಿಯ ಬಗ್ಗೆ ವಿಚಾರಿಸುವ ಮುನ್ನ ಆಕೆಯ ನೆಮ್ಮದಿಯನ್ನು ವಿಚಾರಿಸಿರಿ. ಆಕೆ ಮೌನವಾದರೆ, ಆ ಮೌನಕ್ಕೂ ಕಿವಿಗೊಡಿರಿ.